ಸಿಎಂಎಂಐ ಲೆವೆಲ್ 5 ಅಂದರೆ ಏನು?

ಸಾಫ್ಟ್‌ವೇರ್ ಕಂಪನಿಗಳ ವೆಬ್‌ಸೈಟುಗಳಲ್ಲಿ 'ಸಿಎಂಎಂಐ ಲೆವೆಲ್ 5' ಅನ್ನೋ ಸಾಲು ಆಗಾಗ ಕಣ್ಣಿಗೆ ಬೀಳುತ್ತದೆ. ಅವರ ಕೋಡ್‌ನಲ್ಲಿ ಬಗ್ ಇರುವುದಿಲ್ಲ ಅಂತ ಇದರ ಅರ್ಥವಲ್ಲ. ಈ ಲೆವೆಲ್ ಅಳೆಯುವುದು ಕೋಡನ್ನಲ್ಲ, ಕೆಲಸ ಮಾಡುವ ಕ್ರಮವನ್ನು.

ಪೂರ್ತಿ ಹೆಸರು ಕೇಪಬಿಲಿಟಿ ಮೆಚ್ಯುರಿಟಿ ಮಾಡೆಲ್ ಇಂಟಿಗ್ರೇಷನ್. ಸಾಫ್ಟ್‌ವೇರ್ ಕೆಲಸವನ್ನು ಯಾವ ಕಂಪನಿಗೆ ನಂಬಿ ಕೊಡಬಹುದು ಅಂತ ತಿಳಿಯಲು ಅಮೆರಿಕದ ರಕ್ಷಣಾ ಇಲಾಖೆಗೆ ಒಂದು ಅಳತೆಗೋಲು ಬೇಕಿತ್ತು. ಐಬಿಎಂ ಬಿಟ್ಟು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್‌ಗೆ ಬಂದ ವಾಟ್ಸ್ ಹಂಫ್ರಿ ಅದಕ್ಕೆ ಬುನಾದಿ ಹಾಕಿದರು. 1991ರಲ್ಲಿ ಸಿಎಂಎಂ ಬಂತು. 2000ದಲ್ಲಿ ಅದೇ ಬೆಳೆದು ಸಿಎಂಎಂಐ ಆಯಿತು.

ಒಂದೇ ಬಗ್ ಇಟ್ಟುಕೊಂಡು ಐದೂ ಲೆವೆಲ್ ನೋಡೋಣ. ಫೆಬ್ರವರಿ 29ರಂದು ಬಿಲ್ಲಿಂಗ್ ಪ್ರೋಗ್ರಾಂ ನಿಂತುಹೋಯಿತು ಅಂದುಕೊಳ್ಳಿ.

ಲೆವೆಲ್ 1ರಲ್ಲಿ ಒಬ್ಬ ಜಾಣ ರಾತ್ರಿಯೆಲ್ಲಾ ಕೂತು ಸರಿಮಾಡುತ್ತಾನೆ. ಅವನು ಕೆಲಸ ಬಿಟ್ಟ ದಿನ ಆ ತಿಳಿವಳಿಕೆಯೂ ಹೋಯಿತು. ಲೆವೆಲ್ 2ರಲ್ಲಿ ಬಗ್ ದಾಖಲಾಗುತ್ತದೆ, ಯಾವ ಫೈಲ್ ಬದಲಾಯಿತು ಅಂತಲೂ ಗೊತ್ತಿರುತ್ತದೆ. ಆದರೆ ಅದು ಆ ಪ್ರಾಜೆಕ್ಟಿನೊಳಗೇ ಉಳಿಯುತ್ತದೆ. ಪಕ್ಕದ ಟೀಮ್ ಅದೇ ತಪ್ಪು ಮಾಡುತ್ತದೆ. ಲೆವೆಲ್ 3ರಲ್ಲಿ ಇಡೀ ಸಂಸ್ಥೆಗೆ ಒಂದು ಕ್ರಮ ಇರುತ್ತದೆ. ಅಧಿಕ ವರ್ಷದ ಪರೀಕ್ಷೆ ಎಲ್ಲ ಟೀಮ್‌ಗಳ ಚೆಕ್‌ಲಿಸ್ಟ್‌ಗೆ ಸೇರುತ್ತದೆ. ನನಗೆ ಅತಿ ದೊಡ್ಡ ಹೆಜ್ಜೆ ಇದೇ ಅನ್ನಿಸುತ್ತದೆ. ಒಬ್ಬರ ಕಲಿಕೆ ಎಲ್ಲರದ್ದಾಗುವುದು ಇಲ್ಲೇ ಅಲ್ವಾ?

ಲೆವೆಲ್ 4ರಲ್ಲಿ ಲೆಕ್ಕ ಶುರುವಾಗುತ್ತದೆ: ರಿವ್ಯೂನಲ್ಲಿ, ಅಂದರೆ ಒಬ್ಬರ ಕೋಡನ್ನು ಇನ್ನೊಬ್ಬರು ಓದಿ ನೋಡುವಾಗ, ಎಷ್ಟು ತಪ್ಪು ಸಿಕ್ಕಿತು, ಎಷ್ಟು ತಪ್ಪಿಸಿಕೊಂಡು ಗ್ರಾಹಕರ ತನಕ ಹೋಯಿತು ಅಂತ. ರೂಢಿಗಿಂತ ತೀರಾ ಕಡಿಮೆ ಸಿಕ್ಕರೂ ಅನುಮಾನ ಬರುತ್ತದೆ, ಯಾರೂ ಸರಿಯಾಗಿ ಓದಿಲ್ಲವೇನೋ ಅಂತ. ಲೆವೆಲ್ 5ರಲ್ಲಿ ಈ ಬಗ್ ಹುಟ್ಟಿದ್ದಾದರೂ ಯಾಕೆ ಅಂತ ಹುಡುಕುತ್ತಾರೆ. ಪ್ರತಿ ಟೀಮ್ ದಿನಾಂಕದ ಲೆಕ್ಕವನ್ನು ತಾನೇ ಬರೆದುಕೊಳ್ಳುತ್ತಿದ್ದರೆ ಎಲ್ಲರಿಗೂ ಒಂದೇ ಲೈಬ್ರರಿ (ಎಲ್ಲರೂ ಬಳಸಬಹುದಾದ ಸಿದ್ಧ ಕೋಡ್) ಕೊಡುತ್ತಾರೆ. ಅದರಿಂದ ತಪ್ಪುಗಳು ನಿಜಕ್ಕೂ ಇಳಿದವೇ ಅಂತ ಅಂಕಿ ಹಿಡಿದು ನೋಡುತ್ತಾರೆ.

ಸುಮ್ನೆ ಆಡಿಟ್‌ಗೋಸ್ಕರ ಫಾರಂ ತುಂಬುವ ಸಂಸ್ಥೆಗಳಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಲೆವೆಲ್ ಸಿಗುವುದು ಪರಿಶೀಲನೆಗೆ ಒಳಗಾದ ವಿಭಾಗಕ್ಕೆ ಮಾತ್ರ, ಅದೂ 3 ವರ್ಷದ ಮಟ್ಟಿಗೆ. ಹಾಗಾಗಿ ಯಾವ ವಿಭಾಗ, ಯಾವ ವರ್ಷ ಅಂತ ಕೇಳಿ. ಹಿಂದಿನ ಸಲ ದೊಡ್ಡ ಬಗ್ ಬಂದ ಮೇಲೆ ಕೆಲಸದ ಕ್ರಮದಲ್ಲಿ ಏನು ಬದಲಾಯಿಸಿದಿರಿ ಅಂತಲೂ ಕೇಳಿ.