ಹವಾಯಿ ರಾಜಮನೆತನ: ಪಟ್ಟಕ್ಕೊಬ್ಬರು, ಆಸ್ತಿಗೊಬ್ಬರು

ವಿಲ್, ಪಾಲುಪತ್ರದ ಕೇಸುಗಳನ್ನೇ ನಡೆಸುವ ವಕೀಲ ನಾನು. ಹವಾಯಿ ರಾಜಮನೆತನದ ಮಾತು ಬಂದರೆ ಎಲ್ಲರೂ ಕೇಳುವುದು, ಈಗ ಪಟ್ಟ ಯಾರಿಗೆ ಬರಬೇಕಿತ್ತು ಅಂತ. ನನಗೆ ಕುತೂಹಲ ಜಮೀನು ಯಾರಿಗೆ ಹೋಯ್ತು ಅನ್ನೋದರಲ್ಲಿ.

ಪಟ್ಟದ ಕಥೆ ಚಿಕ್ಕದು. 1893ರಲ್ಲಿ ರಾಣಿ ಲಿಲಿಯುಓಕಲಾನಿಯನ್ನು ಇಳಿಸಿದರು. ಮುಂದಿನ ರಾಣಿಯೆಂದು ಹೆಸರಿಸಿದ್ದ ತಂಗಿಯ ಮಗಳು ಕಾಯಿಉಲಾನಿ 1899ರಲ್ಲಿ, 23ನೇ ವಯಸ್ಸಿಗೇ ತೀರಿಕೊಂಡಳು.

ಜಮೀನಿನ ಗೊಂದಲ ಅದಕ್ಕೂ ಹಳೆಯದು. 1848ರ ಹಂಚಿಕೆಯಲ್ಲಿ ರಾಜ ತನಗೆಂದು ಉಳಿಸಿಕೊಂಡ ಭೂಮಿ ಅವನ ಸ್ವಂತದ್ದೋ, ಪಟ್ಟದ್ದೋ? ರಾಜ ನಾಲ್ಕನೇ ಕಮೆಹಮೆಹಾ ಸತ್ತ ಮೇಲೆ ವಿಧವೆ ರಾಣಿ ಎಮ್ಮಾ ಪಾಲು ಕೇಳಿದರು. 1864ರಲ್ಲಿ ಕೋರ್ಟು ಹೇಳಿದ್ದು: ಭೂಮಿ ಪಟ್ಟಕ್ಕೆ ಬಂದವರಿಗೇ ಹೋಗಬೇಕು, ಆದರೆ ವಿಧವೆಯ ಹಕ್ಕೂ ಉಂಟು. ಮರುವರ್ಷದ ಕಾಯ್ದೆ ಅದನ್ನು ಮಾರುವಂತಿಲ್ಲ ಎಂದಿತು. ಎಮ್ಮಾಗೆ ವರ್ಷಕ್ಕೆ 6,000 ಡಾಲರ್ ಗೊತ್ತಾಯಿತು. ಭೂಮಿ ಪಟ್ಟದ್ದು ಎಂಬ ಈ ಮಾತೇ ಮುಂದೆ ಮುಳುವಾಯಿತು. ಹವಾಯಿಯ ಜೊತೆ ಅಮೆರಿಕದ ಕೈಸೇರಿದ ಆ ಭೂಮಿಗೆ ಲಿಲಿಯುಓಕಲಾನಿ ಪರಿಹಾರ ಕೇಳಿದಾಗ, ಭೂಮಿ ಪದವಿಗೆ ಸೇರಿದ್ದು, ನಿಮಗಲ್ಲ ಎಂದು ಅಮೆರಿಕದ ಕೋರ್ಟು 1910ರಲ್ಲಿ ಕೇಸು ವಜಾ ಮಾಡಿತು. ತೀರ್ಪು ಕಾಗದದ ಮೇಲೆ ಸರಿ, ನ್ಯಾಯ ಅನಿಸೋದಿಲ್ಲ.

ಈಗ ಅದೇ ಕಮೆಹಮೆಹಾ ವಂಶದ ಬರ್ನಿಸ್ ಪೌಆಹಿಯನ್ನು ನೋಡಿ. 1872ರಲ್ಲಿ ಐದನೇ ಕಮೆಹಮೆಹಾ ಸಾಯುವಾಗ ಪಟ್ಟ ಕೊಡುತ್ತೇನೆಂದರೂ ಬೇಡವೆಂದಳು. ತನ್ನ ಸ್ವಂತ ಜಮೀನು, ಸುಮಾರು 3.75 ಲಕ್ಷ ಎಕರೆ, ವಿಲ್ ಬರೆದು ಐವರು ಟ್ರಸ್ಟಿಗಳ ಕೈಗಿಟ್ಟಳು. ಅದರಿಂದ 1887ರಲ್ಲಿ ಕಮೆಹಮೆಹಾ ಶಾಲೆ ಶುರುವಾಯಿತು. ಇವತ್ತಿಗೂ ಹವಾಯಿಯ ಅತಿದೊಡ್ಡ ಖಾಸಗಿ ಭೂಮಾಲೀಕ ಆ ಟ್ರಸ್ಟೇ.

ಲಿಲಿಯುಓಕಲಾನಿಯೂ ಉಳಿದ ಸ್ವಂತ ಆಸ್ತಿಯನ್ನು 1909ರಲ್ಲಿ ಅನಾಥ ಮಕ್ಕಳಿಗೆಂದು ಟ್ರಸ್ಟ್ ಮಾಡಿದರು. ರಾಜಕುಮಾರ ಕುಹಿಯೋ ಕೋರ್ಟಿಗೆ ಹೋದ, ರಾಣಿಯ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ. ಟ್ರಸ್ಟ್ ಉಳಿಯಿತು. ನಮ್ಮ ಕೋರ್ಟುಗಳಲ್ಲೂ ದಿನಾ ಕೇಳೋ ವಾದವೇ, ಅಲ್ವಾ?

"ಕೊನೆಯ ರಾಜಕುಮಾರಿ" ಎಂದು ಹೆಸರಾದ ಅಬಿಗೇಲ್ ಕವಾನನಕೋವಾ ವಿಷಯದಲ್ಲೂ ಅದೇ ವಾದ ಎದ್ದಿತು. 2017ರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆದಿತ್ತು. ಸುಮಾರು 21.5 ಕೋಟಿ ಡಾಲರ್ ಟ್ರಸ್ಟನ್ನು ಅವರು ನೋಡಿಕೊಳ್ಳಲಾರರು ಎಂದು ಮರುವರ್ಷ ಕೋರ್ಟು ಹೇಳಿತು. 2022ರಲ್ಲಿ 96ನೇ ವಯಸ್ಸಿಗೆ ಹೋದರು. ಮಜಾ ಏನೆಂದರೆ, ಆ ದುಡ್ಡಿಗೂ ಸಿಂಹಾಸನಕ್ಕೂ ಸಂಬಂಧವೇ ಇರಲಿಲ್ಲ. ಅದು ಐರ್ಲೆಂಡಿನಿಂದ ಬಂದು ಸಕ್ಕರೆ, ಜಮೀನಿನಲ್ಲಿ ದುಡಿದ ಮುತ್ತಜ್ಜ ಜೇಮ್ಸ್ ಕ್ಯಾಂಪ್‌ಬೆಲ್‌ನ ಗಂಟು. ಅವನ ಮಗಳಾದ ಅಜ್ಜಿ ಇವರನ್ನು ಕಾನೂನು ಪ್ರಕಾರ ದತ್ತು ತಗೊಂಡಿದ್ದರಿಂದ ಮೊಮ್ಮಗಳು ಮಗಳ ಸ್ಥಾನಕ್ಕೆ ಬಂದು, ದೊಡ್ಡ ಪಾಲು ಇವರಿಗೇ ಸಿಕ್ಕಿತು.