ರಜೆಯ ಕಾಗದಗಳಲ್ಲಿ ಮನೆತನವನ್ನು ಹುಡುಕುವುದು ಹೇಗೆ?

ಪ್ರಶ್ನೆ: ಬಸವನಗುಡಿಯ ಹಳೆಯ ಮನೆಯನ್ನು ಖಾಲಿ ಮಾಡುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಕಟ್ಟು ಪತ್ರಗಳು ಸಿಕ್ಕವು. ಬೇಸಿಗೆ ರಜೆಗೆಂದು ಊರಿಗೆ ಹೋದ ಅಜ್ಜಿ ಮತ್ತು ಮಕ್ಕಳು ಬೆಂಗಳೂರಿನಲ್ಲೇ ಉಳಿದಿದ್ದ ತಾತನಿಗೆ ಬರೆದವು. ತುಂಬ ಮಾವಿನಕಾಯಿ, ಹಪ್ಪಳ, ಬಸ್ಸಿನ ವೇಳೆ ಇಂಥವೇ ಇವೆ. ಹಲವು ಪತ್ರಗಳಲ್ಲಿ ತಾರೀಖಿಲ್ಲ, ಹೆಸರುಗಳಂತೂ ಇಲ್ಲವೇ ಇಲ್ಲ. ಇವುಗಳಿಂದ ಮನೆತನದ ಬಗ್ಗೆ ಏನಾದರೂ ತಿಳಿಯಬಹುದೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ಬೇರೆ ಬೇರೆ ಬಡಾವಣೆಗಳಿಂದ ಆಗಾಗ ಬರುವ ಪ್ರಶ್ನೆ ಇದು. ಖಂಡಿತ ತಿಳಿಯಬಹುದು. ವರ್ಷದ ಉಳಿದ ತಿಂಗಳುಗಳ ಪತ್ರಗಳಿಗಿಂತ ಹೆಚ್ಚೇ ತಿಳಿಯುತ್ತದೆ. ಮದುವೆ, ಮುಂಜಿ, ಬಾಣಂತನ, ಗೇಣಿಯ ಲೆಕ್ಕ, ಅಣ್ಣತಮ್ಮಂದಿರ ಪಾಲಿನ ಮಾತು ಎಲ್ಲವೂ ಏಪ್ರಿಲ್, ಮೇ ತಿಂಗಳಿಗೇ ಕಾದಿರುತ್ತಿದ್ದವು. ನಂಟರೆಲ್ಲ ಒಂದೇ ಸೂರಿನಡಿ ಸೇರುತ್ತಿದ್ದದ್ದು ಆಗಲೇ. ಆದರೆ ಬರೆದವರಿಗೂ ಓದಿದವರಿಗೂ ಗೊತ್ತಿದ್ದ ಸಂಗತಿಯನ್ನು ಯಾರೂ ಕಾಗದದ ಮೇಲೆ ಇಡುವುದಿಲ್ಲ. ಆದ್ದರಿಂದ ಪತ್ರದ ಒಡಲಿಗಿಂತ ಅದರ ಹೊರಮೈ, ಸಂಬೋಧನೆ ಮತ್ತು ಬಿಟ್ಟುಹೋದ ಮಾತುಗಳಲ್ಲೇ ನಿಮಗೆ ಹೆಚ್ಚು ಕೆಲಸವಿದೆ.

ಕಟ್ಟನ್ನು ಮಾತ್ರ ಆತುರದಿಂದ ಬಿಚ್ಚಬೇಡಿ. ಹಿಂದೆ ಮನೆಗೆ ಬಂದ ಕಾಗದಗಳನ್ನು ಕೊಕ್ಕೆಯಂತೆ ಬಗ್ಗಿಸಿದ ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕುತ್ತಿದ್ದರು. ನಿಮ್ಮ ಪತ್ರಗಳ ನಡುವೆ ತುಕ್ಕು ಹಿಡಿದ ಅಂಚಿನ ತೂತಿದ್ದರೆ ಅವು ಅಂಥ ತಂತಿಯಿಂದ ಇಳಿದವು. ತಂತಿಯಲ್ಲಿ ಮೊದಲು ಬಂದದ್ದು ತಳದಲ್ಲಿರುತ್ತದೆ, ಕೊನೆಯದು ಮೇಲೆ. ಆ ಕ್ರಮ ಕೆಡದೆ ಉಳಿದಿದ್ದರೆ, ತಾರೀಖಿಲ್ಲದ ಪತ್ರದ ಕಾಲವನ್ನು ಅದರ ಮೇಲೂ ಕೆಳಗೂ ಇರುವ ಪತ್ರಗಳು ಹೇಳುತ್ತವೆ. ವಿಷಯವಾರು ಜೋಡಿಸುವ ಉತ್ಸಾಹದಲ್ಲಿ ಅದನ್ನು ಕಲಸಿಬಿಟ್ಟರೆ ಮತ್ತೆ ಸಿಗುವುದಿಲ್ಲ. ಒಂದೊಂದರ ಮೂಲೆಯಲ್ಲೂ ಪೆನ್ಸಿಲಿನಿಂದ ತೆಳ್ಳಗೆ ಸಂಖ್ಯೆ ಬರೆದು, ವಿಳಾಸದ ಬದಿಯೂ ಸೇರಿದಂತೆ ಎಲ್ಲ ಬದಿಗಳ ಚಿತ್ರ ತೆಗೆದ ಮೇಲೆಯೇ ಓದಲು ಕೂರಿ. ಇನ್‌ಲ್ಯಾಂಡ್ ಪತ್ರದ ಮಡಿಕೆಯ ಅಂಚುಗಳನ್ನು ಮರೆಯಬೇಡಿ. ಹಾಳೆ ತುಂಬಿದ ಮೇಲೆ ಅಜ್ಜಿಯಂದಿರು ನಿಜವಾದ ವಿಷಯ ಬರೆಯುತ್ತಿದ್ದದ್ದು ಅಲ್ಲೇ.

ಹೊರಮೈಗೆ ಬರೋಣ. ಅಂಚೆ ಮುದ್ರೆ ಓದಲು ಬಂದರೆ ತಾರೀಖು ಮಾತ್ರವಲ್ಲ, ಊರಿನ ಅಂಚೆ ಕಚೇರಿಯ ಹೆಸರೂ ಸಿಗುತ್ತದೆ. ಮುದ್ರೆ ಮಸುಕಾಗಿದ್ದರೆ ಬೇರೆ ದಾರಿಗಳಿವೆ. ಇನ್‌ಲ್ಯಾಂಡ್ ಪತ್ರ ನಮ್ಮಲ್ಲಿ ಬಂದದ್ದು 1950ರ ಅಕ್ಟೋಬರ್ 2ರಂದು. ಹಾಗಾಗಿ ಆ ಹಾಳೆಯಲ್ಲಿ ಬರೆದ ಯಾವ ಬೇಸಿಗೆಯ ಪತ್ರವೂ 1951ಕ್ಕಿಂತ ಹಿಂದಿನದಲ್ಲ. ಬೆಲೆ ‘ನಯಾ ಪೈಸೆ’ಯಲ್ಲಿ ಅಚ್ಚಾಗಿದ್ದರೆ 1957ರ ಏಪ್ರಿಲ್ ನಂತರದ್ದು. 1964ರ ಜೂನ್‌ನಲ್ಲಿ ‘ನಯಾ’ ಬಿಟ್ಟುಹೋಯಿತು, ಆದರೆ ಕೊಂಡಿಟ್ಟ ಹಾಳೆಯನ್ನು ಜನ ಮುಂದೆಯೂ ಬಳಸಿದರು. ಅಂಚೆ ಚೀಟಿ ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ ಹೇಳುತ್ತದೆ ಎಂಬುದು ನೆನಪಿರಲಿ. ಪತ್ರದ ಒಳಗೆ ‘ಎಂಟಾಣೆ’ ಎಂದಿದ್ದರೆ ಅದು ಯಾವುದಕ್ಕೂ ಸಾಕ್ಷಿಯಲ್ಲ. ಆಣೆ ಹೋಗಿ ದಶಕಗಳಾದರೂ ಆ ಮಾತು ಹೋಗಲಿಲ್ಲ.

ನನಗೆ ಅತ್ಯಂತ ಇಷ್ಟವಾದ ಸುಳಿವೆಂದರೆ ನಿರಾಶ್ರಿತರ ಪರಿಹಾರದ ಐದು ಪೈಸೆ ಚೀಟಿ. ಬಾಂಗ್ಲಾದಿಂದ ಬಂದ ನಿರಾಶ್ರಿತರಿಗಾಗಿ 1971ರ ನವೆಂಬರ್ 15ರಿಂದ 1973ರ ಮಾರ್ಚ್ ಅಂತ್ಯದವರೆಗೆ ಈ ಹೆಚ್ಚುವರಿ ಚೀಟಿಯನ್ನು ಅಂಟಿಸಬೇಕಿತ್ತು. ಆ ಅವಧಿಯಲ್ಲಿ ಪೂರ್ತಿಯಾಗಿ ಬರುವ ಬೇಸಿಗೆ ರಜೆ ಒಂದೇ, 1972ರದು. ರಜೆಯ ಪತ್ರದ ಮೇಲೆ ಆ ಚೀಟಿ ಕಂಡರೆ ವರ್ಷದ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಅದೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂತು. ಅದಕ್ಕೆ ಮೊದಲು ‘ಬೆಂಗಳೂರು-4’ ಎಂದು ಬರೆದರೆ ಬಸವನಗುಡಿಗೆ ತಲುಪುತ್ತಿತ್ತು, ಆಮೇಲೆ ಅದು 560004 ಆಯಿತು. ಹಳೆಯ ಅಭ್ಯಾಸದವರು ಎಷ್ಟೋ ವರ್ಷ ‘-4’ ಎಂದೇ ಬರೆದರು. ಆದ್ದರಿಂದ ಪಿನ್ ಇದ್ದರೆ ಅದಕ್ಕೆ ಅರ್ಥವಿದೆ, ಇಲ್ಲದಿದ್ದರೆ ಇಲ್ಲ. ವಿಳಾಸದ ಕೊನೆಯ ‘ಮೈಸೂರು ರಾಜ್ಯ’ವೂ ಹೀಗೆ ಹಳೆಯ ಅಭ್ಯಾಸದಿಂದ ಉಳಿದದ್ದಿರಬಹುದು. ರಾಜ್ಯದ ಹೆಸರು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು.

ಊರಿನ ಹಿರಿಯರು ಇಸವಿ ಬರೆಯದೆ ಸಂವತ್ಸರ ಬರೆದಿರಬಹುದು. ‘ಕೀಲಕ ಸಂ|| ವೈಶಾಖ ಶು|| ೧೦’ ಎಂದಿದ್ದರೆ ಅದು 1968ರ ಮೇ ತಿಂಗಳ ಮೊದಲ ವಾರದ ಹೊತ್ತು. ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ, ಆದರೆ ಇನ್‌ಲ್ಯಾಂಡ್ ಹಾಳೆಯಲ್ಲಿ 1908ರ ಕೀಲಕ ಇರಲಾರದು. ಯುಗಾದಿ ಕಳೆದ ಮೇಲೆಯೇ ರಜೆ ಬರುವುದರಿಂದ, ಜನವರಿ ಫೆಬ್ರವರಿಯ ಪತ್ರಗಳಲ್ಲಿ ಆಗುವಂತೆ ಒಂದು ವರ್ಷ ಹಿಂದುಮುಂದಾಗುವ ಭಯವೂ ಇಲ್ಲ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಮಾತ್ರ ಎಚ್ಚರದಿಂದ ಓದಿ. ಕೆಲವರ ಕೈಬರಹದಲ್ಲಿ ಅವೆರಡನ್ನು ಬೇರ್ಪಡಿಸುವುದೇ ಕಷ್ಟ.

ಈಗ ಹೆಸರಿಲ್ಲದ ಸಮಸ್ಯೆ. ನಿಜವಾದ ಶ್ರಮ ಬೇಡುವುದು ಇದೇ. ಪತ್ರದಲ್ಲಿ ‘ಅತ್ತೆ’ ಎಂದಿದ್ದರೆ ತಂದೆಯ ತಂಗಿ ಇರಬಹುದು, ಸೋದರಮಾವನ ಹೆಂಡತಿ ಇರಬಹುದು, ಗಂಡನ ತಾಯಿಯೂ ಇರಬಹುದು. ‘ದೊಡ್ಡಮ್ಮ’ ತಾಯಿಯ ಅಕ್ಕನೋ ದೊಡ್ಡಪ್ಪನ ಹೆಂಡತಿಯೋ ಬರೆದವರಿಗೇ ಗೊತ್ತು. ಇದಕ್ಕಿಂತ ದೊಡ್ಡ ಗುಂಡಿ ‘ಅಣ್ಣ’. ಹಳೆಯ ಮೈಸೂರಿನ ಎಷ್ಟೋ ಕೂಡುಕುಟುಂಬಗಳಲ್ಲಿ ಚಿಕ್ಕಪ್ಪಂದಿರು ಕರೆದಂತೆ ಮಕ್ಕಳೂ ತಂದೆಯನ್ನು ‘ಅಣ್ಣ’ ಎಂದೇ ಕರೆದರು. ಅದನ್ನು ತಿಳಿಯದೆ ವಂಶವೃಕ್ಷ ಬರೆದರೆ ತಂದೆ ಮಗ ಇಬ್ಬರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಅಕ್ಕನ ಮಗಳನ್ನು ತಮ್ಮನಿಗೆ ಕೊಟ್ಟ ಮನೆಗಳಲ್ಲಿ ಇನ್ನೊಂದು ತೊಡಕು. ನಿನ್ನೆಯವರೆಗೆ ‘ಮಾವ’ ಆಗಿದ್ದವರು ಮುಂದಿನ ಬೇಸಿಗೆಯ ಪತ್ರದಲ್ಲಿ ಬರೀ ‘ಇವರು’ ಆಗಿರುತ್ತಾರೆ. ಗಂಡನ ಹೆಸರು ಬರೆಯುವ ರೂಢಿ ಇರಲಿಲ್ಲವಲ್ಲ!

ಉಪಾಯ ಸರಳ. ಪತ್ರಗಳನ್ನು ಬರೆದವರ ಪ್ರಕಾರ ಪಟ್ಟಿ ಮಾಡಿ (ಪಟ್ಟಿಯಲ್ಲಿ ಮಾತ್ರ, ಕಟ್ಟಿನಲ್ಲಿ ಅಲ್ಲ). ಒಬ್ಬೊಬ್ಬರಿಗೂ ಒಂದು ಹಾಳೆ. ಅವರು ಬಳಸುವ ಸಂಬಂಧದ ಹೆಸರು ಎಡಕ್ಕೆ, ಅದು ಯಾರಿರಬಹುದು ಎಂಬುದು ಬಲಕ್ಕೆ. ಒಂದೇ ವಾರದ ಒಂದೇ ಘಟನೆಯನ್ನು ಮಗಳೂ ಅಜ್ಜಿಯೂ ಬರೆದಿದ್ದರೆ ಒಬ್ಬರ ‘ಚಿಕ್ಕಪ್ಪ’ ಇನ್ನೊಬ್ಬರ ‘ಮೈದುನ’ ಎಂದು ಬಿಡಿಸಿಕೊಳ್ಳುತ್ತದೆ. ಕೈಬರಹವನ್ನು ಮಾತ್ರ ನಂಬಿ ಬರೆದವರನ್ನು ನಿರ್ಧರಿಸಬೇಡಿ. ಓದುಬರಹ ಬಾರದ ಹಿರಿಯರು ಶಾಲೆಗೆ ಹೋಗುವ ಮೊಮ್ಮಗನಿಂದಲೋ ಊರಿನ ಮೇಷ್ಟರಿಂದಲೋ ಬರೆಸುತ್ತಿದ್ದರು, ಒಕ್ಕಣೆಯೂ ಅವರದೇ ಆಗಿಬಿಡುತ್ತಿತ್ತು. ಅಕ್ಷರ ಕನ್ನಡವಾಗಿದ್ದು ಮಾತು ಅರ್ಥವಾಗದಿದ್ದರೆ ಗಟ್ಟಿಯಾಗಿ ಓದಿ ನೋಡಿ. ಮನೆಮಾತಿನ ತೆಲುಗನ್ನು ಕನ್ನಡ ಲಿಪಿಯಲ್ಲಿ ಬರೆದ ಕುಟುಂಬಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ.

ಸಂಬೋಧನೆಯನ್ನು ಹಾರಿಸಿ ಓದುವವರೇ ಹೆಚ್ಚು, ಅದು ದೊಡ್ಡ ನಷ್ಟ. ‘ತೀರ್ಥರೂಪು’ ಎಂದಿದ್ದರೆ ತಂದೆ ಅಥವಾ ತಂದೆಯ ಸ್ಥಾನದಲ್ಲಿದ್ದ ಹಿರಿಯರು. ‘ಚಿ||’ ಎಂದರೆ ಕಿರಿಯರು, ‘ಚಿ|| ಸೌ||’ ಎಂದರೆ ಕಿರಿಯ ಮುತ್ತೈದೆ. ಕೆಲವು ಮನೆಗಳಲ್ಲಿ ವಿಧವೆಯರಿಗೆ ‘ಗಂ|| ಭಾ||’ (ಗಂಗಾ ಭಾಗೀರಥಿ) ಎಂದು ಬರೆಯುತ್ತಿದ್ದರು. ಒಬ್ಬರೇ ಹೆಂಗಸು ಒಂದು ಬೇಸಿಗೆಯಲ್ಲಿ ‘ಸೌ||’ ಆಗಿದ್ದು ಮುಂದೊಂದು ಬೇಸಿಗೆಯಲ್ಲಿ ‘ಗಂ|| ಭಾ||’ ಆಗಿದ್ದರೆ, ಆಕೆಯ ಗಂಡ ತೀರಿಕೊಂಡದ್ದು ಆ ಎರಡರ ನಡುವೆ. ಸಾವಿನ ಸುದ್ದಿಯ ಕಾಗದ ಮಾತ್ರ ನಿಮ್ಮ ಕಟ್ಟಿನಲ್ಲಿ ಸಿಗುವ ಸಂಭವ ಕಡಿಮೆ. ಅಂಥ ಕಾರ್ಡನ್ನು ಓದಿದೊಡನೆ ಹರಿದು ಹೊರಗೆಸೆಯುತ್ತಿದ್ದರು. ಹಾಗಾಗಿ ಮನೆಯಲ್ಲಿ ಉಳಿದ ಪತ್ರಗಳೆಲ್ಲ ಒಂದು ರೀತಿಯಲ್ಲಿ ಸೋಸಿ ಉಳಿದವು. ಓದುತ್ತ ಓದುತ್ತ ಆ ಮನೆಯಲ್ಲಿ ಬರೀ ಮಂಗಳವೇ ನಡೆಯಿತು ಅನ್ನಿಸಿದರೆ ಇದನ್ನು ನೆನೆಸಿಕೊಳ್ಳಿ.

ಕಾಲ ಮತ್ತು ಜನ ಗೊತ್ತಾದ ಮೇಲೆ ಮಾವಿನಕಾಯಿಯ ಪತ್ರವೂ ಮಾತಾಡುತ್ತದೆ. ಏಪ್ರಿಲ್ 10ರ ಫಲಿತಾಂಶದ ಮಾತು ಬಂದರೆ ಯಾವ ಮಗು ಯಾವ ತರಗತಿ ಪಾಸಾಯಿತು ಎಂಬುದರಿಂದ ಹುಟ್ಟಿದ ವರ್ಷವನ್ನು ಅಂದಾಜಿಸಬಹುದು. ಶಾಲೆಯ ದಾಖಲೆಯ ಜನ್ಮದಿನಕ್ಕಿಂತ ಇದು ಎಷ್ಟೋ ಸಲ ಹೆಚ್ಚು ನಂಬಲರ್ಹ. ಸೇರಿಸುವ ವಯಸ್ಸಿಗೆ ಹೊಂದುವಂತೆ ಮೇಷ್ಟರು ಜೂನ್ ತಿಂಗಳ ಯಾವುದೋ ತಾರೀಖನ್ನು ಬರೆದುಕೊಂಡ ತಲೆಮಾರು ಅದು. ‘ಕರಗ ನೋಡಿದಿರಾ’ ಎಂದು ಕೇಳಿದ್ದರೆ ಚೈತ್ರ ಪೂರ್ಣಿಮೆಯ ಆಸುಪಾಸು. ಕೋಟೆ ಹೈಸ್ಕೂಲಿನ ರಾಮನವಮಿ ಕಚೇರಿಗಳ ಪ್ರಸ್ತಾಪವಿದ್ದರೆ 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಲಿಯ ಉತ್ಸವವೇ ಇರಬೇಕು. ತಾತ ಒಂಟಿಯಾಗಿದ್ದ ಸಂಜೆಗಳನ್ನು ಎಲ್ಲಿ ಕಳೆದರು ಎಂದೂ ತಿಳಿಯಿತು. ನಲ್ಲಿಯಲ್ಲಿ ನೀರಿಲ್ಲ ಎಂಬ ಗೋಳಿನಿಂದ ಮಾತ್ರ ವರ್ಷ ಹೇಳಲು ಹೋಗಬೇಡಿ. 1974ರಲ್ಲಿ ಕಾವೇರಿ ನೀರು ಬಂದ ಮೇಲೂ ಆ ಗೋಳು ನಿಲ್ಲಲಿಲ್ಲ.

1970ರ ದಶಕದ ಪತ್ರಗಳಲ್ಲಿ ‘ಡಿಕ್ಲರೇಷನ್’, ‘ಟ್ರಿಬ್ಯೂನಲ್’, ‘ಗೇಣಿ ಬರಲಿಲ್ಲ’ ಎಂಬ ಮಾತುಗಳು ಕಂಡರೆ ನಿಧಾನವಾಗಿ ಓದಿ. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು, ಉಳುವವರು ಹಕ್ಕಿಗಾಗಿ ಭೂನ್ಯಾಯ ಮಂಡಳಿಗೆ (ಅದೇ ‘ಟ್ರಿಬ್ಯೂನಲ್’) ಅರ್ಜಿ (ಅದೇ ‘ಡಿಕ್ಲರೇಷನ್’) ಹಾಕಿದರು. ಗೇಣಿಗೆ ಕೊಟ್ಟಿದ್ದ ಮನೆಗಳು ಊರಿನ ನಂಟನ್ನೇ ಕಳೆದುಕೊಂಡವು, ಗೇಣಿ ಮಾಡುತ್ತಿದ್ದ ಮನೆಗಳು ಜಮೀನಿನ ಒಡೆತನ ಕಂಡವು. ನಿಮ್ಮದು ಯಾವ ಕಡೆಯ ಮನೆ ಎಂಬುದನ್ನು ಹಿರಿಯರು ಬಾಯಿಬಿಟ್ಟು ಹೇಳಿರಲಾರರು. ರಜೆಯ ಪತ್ರಗಳು ಒಂದು ವರ್ಷದಿಂದಾಚೆಗೆ ದಿಢೀರನೆ ನಿಂತಿದ್ದರೆ, ಮನೆಗೆ ಫೋನ್ ಬಂತು ಎಂದು ತೀರ್ಮಾನಿಸುವ ಮೊದಲು ಆ ಜಮೀನಿನ ಕಥೆ ಏನಾಯಿತು ನೋಡಿ.

ಪತ್ರದಲ್ಲಿ ಸಿಕ್ಕಿದ ಊರು, ಹೋಬಳಿ, ತಾಲೂಕು ಹಿಡಿದು ಹೊರಗಿನ ದಾಖಲೆಗೆ ಹೋಗಬಹುದು. ಗಣಕೀಕರಣಕ್ಕಿಂತ ಹಿಂದಿನ ಕೈಬರಹದ ಪಹಣಿ ಮತ್ತು ಮ್ಯುಟೇಷನ್ ಪುಸ್ತಕಗಳು ತಾಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿರುತ್ತವೆ. ಪೌತಿ ಖಾತೆಯ ನಮೂದು ಸಿಕ್ಕಿದರೆ ಸತ್ತವರ ಹೆಸರೂ ವಾರಸುದಾರರ ಹೆಸರೂ ಒಟ್ಟಿಗೆ ಸಿಗುತ್ತವೆ. ಹೆಸರಿನ ಇನಿಷಿಯಲ್ಲುಗಳನ್ನೂ ಕಡೆಗಣಿಸಬೇಡಿ. ನಮ್ಮ ಕಡೆ ಎರಡಿದ್ದರೆ ಸಾಮಾನ್ಯವಾಗಿ ಮೊದಲನೆಯದು ಊರಿನದು, ಎರಡನೆಯದು ತಂದೆಯದು. ಕಟ್ಟಿನಲ್ಲಿ ಲಗ್ನಪತ್ರಿಕೆ ಇದ್ದರೆ ‘ಜ್ಯೇಷ್ಠ ಪುತ್ರ’, ‘ದ್ವಿತೀಯ ಪುತ್ರಿ’ ಎಂಬಲ್ಲಿ ಹುಟ್ಟಿನ ಕ್ರಮವೇ ಇದೆ. ಒಕ್ಕಲಿಗ, ಲಿಂಗಾಯತ, ಕುರುಬ ಮೊದಲಾದ ಸಮುದಾಯಗಳ ಅನೇಕ ಮನೆತನಗಳಿಗೆ ಹೆಳವರಿದ್ದಾರೆ. ತಲೆಮಾರುಗಳ ಹೆಸರನ್ನು ಪುಸ್ತಕದಲ್ಲಿಟ್ಟುಕೊಂಡು ಸುಗ್ಗಿಯ ನಂತರ ಮನೆಮನೆಗೆ ಬಂದು ಓದಿಹೇಳುವವರು. ಊರಿನಲ್ಲಿ ಉಳಿದಿರುವ ದಾಯಾದಿಗಳನ್ನು ವಿಚಾರಿಸಿದರೆ ನಿಮ್ಮ ಮನೆಯ ಹೆಳವರು ಯಾರೆಂದು ತಿಳಿಯಬಹುದು. ಹೆಳವರ ಪುಸ್ತಕದಲ್ಲಿ ಗಂಡಸರ ಸಾಲು ಗಟ್ಟಿಯಾಗಿರುತ್ತದೆ, ಹೆಂಗಸರ ವಿಷಯಕ್ಕೆ ನಿಮ್ಮ ಪತ್ರಗಳೇ ಮೇಲು.

ಕಾಗದಕ್ಕೆ ಸೆಲ್ಲೊಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಕಬ್ಬಿಣದ ಪಿನ್ನುಗಳನ್ನು ತೆಗೆಯಿರಿ. ಫೌಂಟನ್ ಪೆನ್ನಿನ ಶಾಯಿಗೂ, ನೀರು ತಾಗಿದರೆ ನೇರಳೆಯಾಗುವ ಹಳೆಯ ಕಾಪಿಯಿಂಗ್ ಪೆನ್ಸಿಲಿಗೂ ತೇವ ಆಗದು, ಆದ್ದರಿಂದ ಒದ್ದೆ ಬಟ್ಟೆಯಿಂದ ಒರೆಸುವ ಮಾತೇ ಬೇಡ.

ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಎಲ್ಲವನ್ನೂ ಒಮ್ಮೆಲೇ ಹಾಕುವ ಆಸೆಯನ್ನು ಸ್ವಲ್ಪ ತಡೆಯಿರಿ. ಸಾಲ, ಮುರಿದ ಸಂಬಂಧ, ಹೇಳಿಕೊಳ್ಳಲಾಗದ ಕಾಯಿಲೆ ಇವೆಲ್ಲ ಅಲ್ಲಿರುತ್ತವೆ, ಸಂಬಂಧಪಟ್ಟವರ ಮಕ್ಕಳು ಇನ್ನೂ ಇರುತ್ತಾರೆ. ಕಾಗದ ನಿಮ್ಮ ಕೈಯಲ್ಲಿದ್ದರೂ ಬರಹದ ಹಕ್ಕುಸ್ವಾಮ್ಯ ಬರೆದವರದು, ಅವರ ನಂತರ ವಾರಸುದಾರರದು. ಅಚ್ಚು ಹಾಕಿಸುವುದಾದರೆ ಅವರನ್ನು ಕೇಳಬೇಕು. ಹೇಗೂ ಅವರ ಬಳಿ ನಿಮಗೆ ಕೆಲಸವಿದೆ. ನಿಮ್ಮ ಟ್ರಂಕಿನಲ್ಲಿರುವುದು ಬಂದ ಪತ್ರಗಳು ಮಾತ್ರ. ತಾತ ಬೆಂಗಳೂರಿನಿಂದ ಬರೆದ ಉತ್ತರಗಳು ಅಜ್ಜಿಯ ತವರಿನಲ್ಲಿ, ಯಾರಾದರೂ ಎಸೆದಿರದಿದ್ದರೆ, ಇನ್ನೊಂದು ತಂತಿಯಲ್ಲಿರಬೇಕು. ಅಜ್ಜಿಯ ಅಣ್ಣತಮ್ಮಂದಿರ ಮಕ್ಕಳಿಗೆ ಈ ವಾರವೇ ಫೋನ್ ಮಾಡಿ, ಆ ಮನೆಯನ್ನೂ ಯಾರಾದರೂ ಖಾಲಿ ಮಾಡುವ ಮೊದಲು.