240 ಎಲೆ, 140 ಊಟ

"ಒಂದೇ ಪೆಟ್ಟಿಗೆಯೊಳಗೆ ನಾಲ್ಕು ಕಂಪ್ಯೂಟರ್ ಹೇಗೆ ಕೂರುವುದು ಮಾರಾಯ?"

ಕುಂದಾಪುರದಿಂದ ಬಂದಿದ್ದ ಗೆಳೆಯ ಕೇಳಿದ. ಅವನದು ಲೆಕ್ಕಪತ್ರದ ಕೆಲಸ. ನಾವು ಮೂವರು ಉಡುಪಿಯ ಕುಂಜಿಬೆಟ್ಟಿನ ಮನೆಯೊಂದರ ಚಾವಡಿಯಲ್ಲಿ ಕೂತಿದ್ದೆವು. ಆ ಮನೆಯವನು ಇನ್ನೊಬ್ಬ ಗೆಳೆಯ, ಮಣಿಪಾಲದಲ್ಲಿ ಪಾಠ ಮಾಡುತ್ತಾನೆ. ಯಾವುದೋ ಆಫೀಸಿನವರು ಮಾರಿದ ಹಳೆಯ ಡೆಸ್ಕ್‌ಟಾಪ್ ಒಂದನ್ನು ತಂದಿಟ್ಟುಕೊಂಡು, "ನೀನು ಬಂದರೆ ಶುರು ಮಾಡುವ" ಎಂದು ಎರಡು ತಿಂಗಳಿಂದ ಫೋನ್ ಮಾಡುತ್ತಿದ್ದ. ನಾನು ಮಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವವನು. ವಾರವಿಡೀ ಅದೇ ಕೆಲಸ, ರಜೆಯಲ್ಲೂ ಅದನ್ನೇ ಮಾಡಲು ಬಸ್ ಹತ್ತಿ ಬಂದಿದ್ದೆ. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, 8 ಜಿಬಿಯ ಎರಡು ರ‍್ಯಾಮ್ ಕಡ್ಡಿ, ಹತ್ತು ಮೀಟರ್ ಲ್ಯಾನ್ ಕೇಬಲ್.

ಕುಂದಾಪುರದವನ ಪ್ರಶ್ನೆಗೆ ಉತ್ತರ ವರ್ಚುವಲೈಸೇಷನ್, ಅಂದರೆ ಒಂದು ನಿಜವಾದ ಯಂತ್ರವನ್ನು ತಂತ್ರಾಂಶದಿಂದ ಹಲವು ಯಂತ್ರಗಳಾಗಿ ಹಂಚುವುದು. ಅದು ಅಷ್ಟೇನೂ ಹೊಸದಲ್ಲ. ಐಬಿಎಂನವರು 1960ರ ದಶಕದಲ್ಲೇ ತಮ್ಮ ದೊಡ್ಡ ಯಂತ್ರಗಳಲ್ಲಿ ಇದನ್ನು ಮಾಡಿದ್ದರು. ಒಂದು ಯಂತ್ರ, ಅದನ್ನು ಬಳಸುವ ಹತ್ತಾರು ಜನ, ಪ್ರತಿಯೊಬ್ಬರಿಗೂ ಪೂರ್ತಿ ಯಂತ್ರ ತನ್ನದೇ ಎಂಬ ಭಾವನೆ. ನಮ್ಮ ಮನೆಯ ಕಂಪ್ಯೂಟರ್‌ಗಳ ಪ್ರೊಸೆಸರ್ ಇದಕ್ಕೆಂದು ಮಾಡಿದ್ದಾಗಿರಲಿಲ್ಲ. 2005ರಲ್ಲಿ ಇಂಟೆಲ್, ಮರುವರ್ಷ ಎಎಂಡಿ ಚಿಪ್ಪಿನೊಳಗೇ ಇದಕ್ಕೆ ಅನುಕೂಲ ಮಾಡಿಕೊಟ್ಟವು. 2007ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ನೊಳಗೆ ಈ ಕೆಲಸ ಮಾಡುವ ಕೆವಿಎಂ ಬಂತು. ಅದರ ಮೇಲೆ ನಿಂತಿರುವ ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶವನ್ನು ನಾವು ಪೆನ್‌ಡ್ರೈವ್‌ನಿಂದ ಹಾಕಿದೆವು. ದುಡ್ಡು ಕೊಡಬೇಕಾಗಿಲ್ಲ. ಲಾಗಿನ್ ಆದಾಗಲೆಲ್ಲ "ನೀವು ಚಂದಾದಾರರಲ್ಲ" ಎಂದು ಒಂದು ಕಿಟಕಿ ತೆರೆಯುತ್ತದೆ, ಅದನ್ನು ಸುಮ್ನೆ ಮುಚ್ಚಿದರಾಯಿತು.

ಮೊದಲ ಅರ್ಧ ಗಂಟೆ ಹೋದದ್ದು ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ. ಆ ಹಳೆಯ ಯಂತ್ರದಲ್ಲಿ ವರ್ಚುವಲೈಸೇಷನ್ ಎಂಬ ಗುಂಡಿ ಆಫ್ ಆಗಿತ್ತು. ಇಂಥ ಡೆಸ್ಕ್‌ಟಾಪ್ ಕೊಂಡವರು ಮೊದಲು ನೋಡಬೇಕಾದದ್ದು ಅದನ್ನೇ. ಇನ್ನೊಂದು ಅರ್ಧ ಗಂಟೆ ಹೋದದ್ದು ಮನೆಯ ಗೆಳೆಯನ ಹಟದಿಂದ. ಯಂತ್ರವನ್ನು ಮೇಲಿನ ಕೋಣೆಯಲ್ಲಿಟ್ಟು ವೈಫೈನಲ್ಲಿ ನಡೆಸಬೇಕು ಅಂದ. ಆಗುವುದಿಲ್ಲ ಅಂದೆ. ಒಳಗಿನ ಪ್ರತಿ ವರ್ಚುವಲ್ ಯಂತ್ರಕ್ಕೂ ನೆಟ್‌ವರ್ಕ್‌ನಲ್ಲಿ ಗುರುತು ಹಿಡಿಯಲು ತನ್ನದೇ ಮ್ಯಾಕ್ ವಿಳಾಸ ಇರುತ್ತದೆ. ಆದರೆ ವೈಫೈ ರೂಟರ್ ತನ್ನಲ್ಲಿ ಹೆಸರು ಕೊಟ್ಟು ಸೇರಿದ ಒಂದು ವಿಳಾಸದ ಮಾತನ್ನು ಮಾತ್ರ ಕೇಳುತ್ತದೆ, ಅದರ ಬೆನ್ನಿಗೆ ಬಂದ ನಾಲ್ವರನ್ನು ಒಳಗೆ ಬಿಡುವುದಿಲ್ಲ. ಸುತ್ತು ದಾರಿಗಳಿವೆ, ಆದರೆ ಹತ್ತು ಮೀಟರ್ ಕೇಬಲ್ ಅದಕ್ಕಿಂತ ಅಗ್ಗ. ಎಳೆದೆವು.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ವಿಎಂ (ವರ್ಚುವಲ್ ಮೆಷಿನ್) ಎದ್ದು ನಿಂತವು. ಪ್ರಾಕ್ಸ್‌ಮಾಕ್ಸ್ 100ರಿಂದ ನಂಬರ್ ಕೊಡುತ್ತದೆ. 100 ಮನೆಯ ಡಿಎನ್‌ಎಸ್‌ಗೆ, ಅಂದರೆ ವೆಬ್‌ಸೈಟ್ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ಕೆಲಸಕ್ಕೆ; ಜಾಹೀರಾತು ತಡೆಯುವ ಪೈಹೋಲ್ ಅದರಲ್ಲಿ. 101 ವೀಡಿಯೊಗಳಿಗೆ: ಮನೆಯ ಉಪನಯನ, ಮದುವೆ, ಯಕ್ಷಗಾನ ಮೇಳದವರನ್ನು ಕರೆಸಿ ಆಡಿಸಿದ ಆಟದ ರೆಕಾರ್ಡಿಂಗ್. 102 ವಿಂಡೋಸ್, ಕುಂದಾಪುರದವನಿಗೆ. 103 ಹಾಳು ಮಾಡಲಿಕ್ಕೆಂದೇ ಇಟ್ಟ ಲಿನಕ್ಸ್. ಎಲ್ಲದಕ್ಕೂ 60 ಜಿಬಿ ಡಿಸ್ಕ್.

ಕುಂದಾಪುರದವನು ಲೆಕ್ಕದವನಲ್ವಾ, ತಕ್ಷಣ ಹಿಡಿದ. "ನಾಲ್ಕು ಅರವತ್ತು 240. ನಿನ್ನ ಡಿಸ್ಕ್ ಇರುವುದೇ 256. ಅದರಲ್ಲೂ ಇಲ್ಲಿ 140 ಅಂತ ತೋರಿಸುತ್ತಾ ಉಂಟಲ್ಲ?"

ಅವನು ಹೇಳಿದ್ದು ಸರಿ. ಪ್ರಾಕ್ಸ್‌ಮಾಕ್ಸ್ ತನಗೆಂದು ಒಂದು ಪಾಲು ತೆಗೆದಿಟ್ಟು, ಉಳಿದ ಸುಮಾರು 140 ಜಿಬಿಯನ್ನು ಮಾತ್ರ ವಿಎಂಗಳಿಗೆ ಬಿಟ್ಟಿತ್ತು. ನಾವು 240 ಹಂಚಿದ್ದೆವು. ಅದು ತಡೆಯಲೂ ಇಲ್ಲ. ಹಂಚಿದ್ದರ ಮೊತ್ತ ಇರುವುದಕ್ಕಿಂತ ಜಾಸ್ತಿಯಾಗಿದೆ ಎಂದು ಕೆಲಸದ ದಾಖಲೆಯಲ್ಲಿ ಒಂದು ಸಾಲಿನ ಎಚ್ಚರಿಕೆ ಬರೆದು ಮುಂದೆ ಹೋಯಿತು. ಅದನ್ನು ಯಾರು ಓದುತ್ತಾರೆ? ನಾನೂ ಓದಲಿಲ್ಲ. "ಅದು ಹಾಗೇ, ಏನೂ ಆಗುವುದಿಲ್ಲ" ಅಂದೆ.

ಅವನಿಗೆ ಮದುವೆ ಊಟದ ಲೆಕ್ಕದಲ್ಲಿ ಬಿಡಿಸಿ ಹೇಳಿದೆ. ಪ್ರೊಸೆಸರ್ ಅಂದರೆ ಬಡಿಸುವವರು. ಈ ಯಂತ್ರದಲ್ಲಿ ಆರು ಜನ ಬಡಿಸುವವರಿದ್ದಾರೆ. ಎಲೆ ಎಂಟಾದರೂ ಹತ್ತಾದರೂ ಅವರು ಓಡಾಡಿ ಸುಧಾರಿಸುತ್ತಾರೆ. ಸಾರು ಬರುವುದು ಸ್ವಲ್ಪ ತಡವಾಗಬಹುದು, ಅಷ್ಟೇ. ಅದಕ್ಕೇ ಪ್ರೊಸೆಸರನ್ನು ಇರುವುದಕ್ಕಿಂತ ಜಾಸ್ತಿ ಹಂಚಿದರೂ ಮನೆಯಲ್ಲಿ ತೊಂದರೆ ಕಾಣುವುದಿಲ್ಲ. ಹೆಚ್ಚಿನ ಹೊತ್ತು ವಿಎಂಗಳು ಖಾಲಿ ಕೂತಿರುತ್ತವೆ.

ರ‍್ಯಾಮ್ ಅಂದರೆ ಕೂರುವ ಜಾಗ. ಒಬ್ಬ ಕೂತ ಅಂದರೆ ಏಳುವ ತನಕ ಆ ಜಾಗ ಅವನದೇ. 16 ಜಿಬಿಯಲ್ಲಿ ವಿಂಡೋಸ್‌ಗೆ 6, ಮೂರು ಲಿನಕ್ಸ್‌ಗೆ ಎರಡೆರಡು, ಉಳಿದ ನಾಲ್ಕು ಯಂತ್ರಕ್ಕೇ ಬಿಟ್ಟೆವು. ಇಲ್ಲಿ ಧಾರಾಳತನ ಮಾಡಬಾರದು. ಕೆವಿಎಂನಲ್ಲಿ ಪ್ರತಿ ವಿಎಂ ಕೂಡ ಲಿನಕ್ಸ್ ಕಣ್ಣಿಗೆ ಒಂದು ಸಾಧಾರಣ ಪ್ರೋಗ್ರಾಂ. ರ‍್ಯಾಮ್ ಪೂರ್ತಿ ಮುಗಿದರೆ ಲಿನಕ್ಸ್ ಜಾಸ್ತಿ ಜಾಗ ಹಿಡಿದ ಪ್ರೋಗ್ರಾಂ ಯಾವುದೆಂದು ಹುಡುಕಿ ಕೊಲ್ಲುತ್ತದೆ. ಅಂಥ ಯಂತ್ರದಲ್ಲಿ ಅದು ಬಹುಪಾಲು ನಿಮ್ಮ ದೊಡ್ಡ ವಿಎಂ ಆಗಿರುತ್ತದೆ. ಊಟದ ನಡುವೆ ದಢೂತಿ ಮನುಷ್ಯನನ್ನು ಎಬ್ಬಿಸಿ ಹೊರಗೆ ಕಳಿಸಿದ ಹಾಗೆ.

ಡಿಸ್ಕ್ ಅಂದರೆ ಅನ್ನ. 240 ಜನರನ್ನು ಕರೆದಿದ್ದೇವೆ, 140 ಜನಕ್ಕೆ ಅಕ್ಕಿ ಹಾಕಿದ್ದೇವೆ. ಕರೆದವರೆಲ್ಲ ಬರುವುದಿಲ್ಲ ಎಂಬುದು ಅಡುಗೆಯವರಿಗೆ ಗೊತ್ತಿರುವ ಲೆಕ್ಕ. ಥಿನ್ ಪ್ರಾವಿಷನಿಂಗ್ ಅನ್ನುವುದು ಇದನ್ನೇ. ವಿಎಂಗೆ 60 ಕೊಟ್ಟಿದ್ದೇನೆ ಎಂದು ಹೇಳುವುದು, ಅದು ನಿಜವಾಗಿ ಬರೆದಷ್ಟೇ ಜಾಗ ತೆಗೆದುಕೊಡುವುದು.

"ಎಲ್ಲರೂ ಬಂದರೆ?" ಅಂದ. ಬರಲಿಕ್ಕಿಲ್ಲ ಅಂದೆ.

ಸಂಜೆ ನಾಲ್ಕೂವರೆಗೆ ಗುಡುಗು ಶುರುವಾಯಿತು. ಅಕ್ಟೋಬರ್ ನಮ್ಮ ಕಡೆ ಹಾಗೇ. ಜುಲೈಯ ಮಳೆಯಲ್ಲಿ ಇಲ್ಲದ ಸಿಡಿಲೆಲ್ಲ ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಇಳಿಯುತ್ತದೆ. ನಾವು ಅಡುಗೆಮನೆಯಲ್ಲಿ ಗೋಳಿಬಜೆ ತಿನ್ನುತ್ತಿದ್ದೆವು. ಗೆಳೆಯನ ಅಮ್ಮ ಮನೆಯಿಡೀ ತಿರುಗಿ ಟಿವಿ, ಫ್ರಿಜ್, ಮೋಡೆಮ್, ಎಲ್ಲದರ ಪ್ಲಗ್ ಎಳೆದರು. ಸರ್ವರ್‌ನದ್ದೂ. ಯಾರನ್ನೂ ಕೇಳಲಿಲ್ಲ. ಕೇಳಬೇಕಾಗಿಯೂ ಇಲ್ಲ, ಆ ಮನೆಯಲ್ಲಿ ಎರಡು ಟಿವಿ ಸುಟ್ಟಿದೆ.

ನಾನು ಅವರ ಪಕ್ಷವೇ. ಫೈಬರ್ ಅಂದರೆ ಗಾಜು, ಅದರಲ್ಲಿ ಸಿಡಿಲು ಬರುವುದಿಲ್ಲ ನಿಜ. ಆದರೆ ಮೋಡೆಮ್‌ನ ಅಡಾಪ್ಟರ್ ಕೂತಿರುವುದು ಕರೆಂಟಿನ ಲೈನಿನಲ್ಲಿ, ಅಲ್ಲಿಂದ ಲ್ಯಾನ್ ಕೇಬಲ್‌ನ ತಾಮ್ರದಲ್ಲಿ ನಿಮ್ಮ ಸರ್ವರ್‌ವರೆಗೆ ದಾರಿ ಇದೆ. ಯುಪಿಎಸ್ ಇದ್ದರೂ ಎಳೆಯಿರಿ, ಲ್ಯಾನ್ ಕೇಬಲ್ ಕೂಡ ಎಳೆಯಿರಿ. ನನ್ನ ತಕರಾರು ಇದ್ದದ್ದು ಎಳೆದ ಕ್ರಮದ ಬಗ್ಗೆ ಮಾತ್ರ. ನಾಲ್ಕು ಯಂತ್ರಗಳು ಏನೋ ಬರೆಯುತ್ತಿದ್ದಾಗ ಒಮ್ಮೆಲೇ ಕರೆಂಟ್ ಹೋಯಿತು. ಆ ಸಲ ಏನೂ ಹಾಳಾಗಲಿಲ್ಲ.

ಗುಡುಗು ನಿಂತ ಮೇಲೆ ಇನ್ನೊಂದು ಕತೆ. ಅಮ್ಮ ಮೋಡೆಮ್ ಹಾಕಿದರು, ಸರ್ವರ್ ಹಾಕಲಿಲ್ಲ. ಯಾರ ಫೋನಿನಲ್ಲೂ ಏನೂ ತೆರೆಯದು. "ನೀವು ಬಂದು ಎಂತ ಮಾಡಿದಿರಿ? ವೈಫೈ ಉಂಟು ಅಂತ ತೋರಿಸುತ್ತದೆ, ಯೂಟ್ಯೂಬ್ ಬರುವುದಿಲ್ಲ." ಮನೆಯ ಡಿಎನ್‌ಎಸ್ ನಮ್ಮ 100ರ ಒಳಗಿತ್ತಲ್ಲ. ಪ್ರಯೋಗದ ಯಂತ್ರದ ಮೇಲೆ ಮನೆಯವರ ದಿನನಿತ್ಯದ ಕೆಲಸ ನಿಲ್ಲಿಸಬೇಡಿ ಎಂದು ಆಫೀಸಿನಲ್ಲಿ ಹುಡುಗರಿಗೆ ಹೇಳುವವನು ನಾನೇ. ಡಿಎನ್‌ಎಸ್ ಅನ್ನು ಆ ರಾತ್ರಿಯೇ ರೂಟರ್‌ಗೆ ವಾಪಸ್ ಕೊಟ್ಟೆವು.

ಭಾನುವಾರ ಬೆಳಿಗ್ಗೆ ಎಲ್ಲರೂ ಊಟಕ್ಕೆ ಬಂದರು.

ನೀರುದೋಸೆ ತಿಂದು ಕೂತಾಗ 101ರ ಹೆಸರಿನ ಪಕ್ಕ ಹಳದಿ ತ್ರಿಕೋನ ಕಂಡಿತು. ಐಒ ಎರರ್, ಅಂದರೆ ಡಿಸ್ಕಿಗೆ ಬರೆಯಲು ಆಗುತ್ತಿಲ್ಲ. ವೀಡಿಯೊ ಯಂತ್ರ ನಕಲು ಮಾಡುತ್ತಿದ್ದ ಜಾಗದಲ್ಲೇ ಹೆಪ್ಪುಗಟ್ಟಿ ನಿಂತಿತ್ತು. ಒಂದು ನಿಮಿಷಕ್ಕೆ 102 ಕೂಡ. ಪೂಲ್, ಅಂದರೆ ಎಲ್ಲ ವಿಎಂಗಳೂ ಹಂಚಿಕೊಳ್ಳುವ ಆ 140 ಜಿಬಿ, ನೋಡಿದರೆ ನೂರಕ್ಕೆ ನೂರು ತುಂಬಿದೆ.

ಗೆಳೆಯನಿಗೆ ನಂಬಿಕೆಯೇ ಆಗಲಿಲ್ಲ. ಶನಿವಾರ ರಾತ್ರಿ ಅವನು ದೊಡ್ಡ ದೊಡ್ಡ ವೀಡಿಯೊ ಹಾಕಿದ್ದ, ಆಮೇಲೆ ಅವುಗಳಲ್ಲಿ ಸುಮಾರು 30 ಜಿಬಿ ಅಳಿಸಿ, ಸಣ್ಣ ಪ್ರತಿಗಳನ್ನು ಹಾಕಲು ಶುರು ಮಾಡಿದ್ದ. 101ರ ಒಳಗೆ ಹೋಗಿ ಕೇಳಿದ್ದರೆ ಅದು 25 ಜಿಬಿ ಖಾಲಿ ಉಂಟು ಎಂದೇ ಹೇಳುತ್ತಿತ್ತು. ಒಳಗೆ ಖಾಲಿ, ಹೊರಗೆ ಭರ್ತಿ. ಎರಡೂ ನಿಜ.

ಮೊದಲ ಕಾರಣ ಇದು. ವಿಎಂ ಒಳಗೆ ಫೈಲ್ ಅಳಿಸಿದರೆ ಅದು ತನ್ನ ಪುಸ್ತಕದಲ್ಲಿ ಮಾತ್ರ ಹೆಸರು ಹೊಡೆದು ಹಾಕುತ್ತದೆ. "ಈ ಜಾಗ ನನಗೆ ಬೇಡ" ಎಂದು ಹೊರಗಿನ ಪೂಲ್‌ಗೆ ಹೇಳುವುದಿಲ್ಲ. ಎದ್ದು ಹೋದವನ ಎಲೆ ತೆಗೆಯಿರಿ ಎಂದು ಯಾರೂ ಹೇಳದಿದ್ದರೆ ಅದು ಅಲ್ಲೇ ಇರುತ್ತದೆ. ಹೇಳಿಸಬೇಕಾದರೆ ವಿಎಂನ ಡಿಸ್ಕ್ ಸೆಟ್ಟಿಂಗ್‌ನಲ್ಲಿ ಡಿಸ್ಕಾರ್ಡ್ ಎಂಬ ಚೌಕಕ್ಕೆ ಟಿಕ್ ಹಾಕಬೇಕು, ಒಳಗಿನಿಂದ ಖಾಲಿ ಜಾಗದ ಲೆಕ್ಕ ಒಪ್ಪಿಸುವ ಎಫ್‌ಎಸ್‌ಟ್ರಿಮ್ ಓಡಿಸಬೇಕು. ನಾವು ಆ ಟಿಕ್ ಹಾಕಿರಲಿಲ್ಲ.

ಎರಡನೆಯದು, ಬೇಕಾದರೆ ಹಿಂದಿರುಗಲೆಂದು ವಿಎಂನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್. ಶನಿವಾರ ರಾತ್ರಿ ಮಲಗುವ ಮೊದಲು, ಅಂದರೆ ದೊಡ್ಡ ವೀಡಿಯೊ ಹಾಕಿ ಮುಗಿದ ಮೇಲೆ, ನಾನೇ 101 ಮತ್ತು 102ಕ್ಕೆ ಒಂದೊಂದು ಸ್ನ್ಯಾಪ್‌ಶಾಟ್ ತೆಗೆದಿದ್ದೆ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣಕ್ಕೆ ಜಾಗ ತಿನ್ನುವುದಿಲ್ಲ, ಅದಕ್ಕೇ ಎಲ್ಲರೂ ಪುಕ್ಕಟೆ ಅಂದುಕೊಳ್ಳುತ್ತಾರೆ. ಆದರೆ ಆ ಕ್ಷಣದ ಎಲ್ಲವನ್ನೂ ಅದು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಆಮೇಲೆ ನೀವು ಅಳಿಸಿದರೂ, ಅದರ ಮೇಲೆಯೇ ಬರೆದರೂ, ಹಳೆಯದು ಉಳಿಯುತ್ತದೆ, ಹೊಸದಕ್ಕೆ ಹೊಸ ಜಾಗ ಹೋಗುತ್ತದೆ. ರಾತ್ರಿ ವಿಂಡೋಸ್ ತನ್ನ ಪಾಡಿಗೆ ಅಪ್‌ಡೇಟ್ ಮಾಡಿಕೊಂಡಿತ್ತು. ಅದೂ ಸೇರಿತು.

ಇಂಥ ಹೊತ್ತಿನಲ್ಲಿ ಕೈ ಹೋಗುವುದು ರೀಸೆಟ್ ಬಟನ್‌ಗೆ. ಗೆಳೆಯನ ಕೈಯೂ ಹೋಯಿತು, ತಡೆದೆ. ಪೂಲ್ ತುಂಬಿದಾಗ ಲಿನಕ್ಸ್ ಬರೆಯುವ ಕೆಲಸವನ್ನು ಒಂದು ನಿಮಿಷ ತಡೆದಿಟ್ಟುಕೊಳ್ಳುತ್ತದೆ, ಆಮೇಲೂ ಜಾಗ ಸಿಗದಿದ್ದರೆ ತಪ್ಪು ಎಂದು ವಾಪಸ್ ಕಳಿಸುತ್ತದೆ. ವಿಎಂ ಆಗ ನಿಂತುಕೊಂಡದ್ದು ಒಳ್ಳೆಯದಕ್ಕೇ. ಜಾಗ ಕೊಟ್ಟು ರೆಸ್ಯೂಮ್ ಅಂದರೆ ನಿಂತಲ್ಲಿಂದ ಮುಂದುವರಿಯುತ್ತದೆ. ರೀಸೆಟ್ ಕೊಟ್ಟರೆ ತುಂಬಿದ ಡಿಸ್ಕಿನ ಮೇಲೆಯೇ ಮತ್ತೆ ಏಳಲು ಒದ್ದಾಡುತ್ತದೆ, ಆಗ ಫೈಲ್‌ಸಿಸ್ಟಂ ಹಾಳಾಗುವುದು.

ಜಾಗ ಎಲ್ಲಿಂದ? 103 ಹಾಳು ಮಾಡಲಿಕ್ಕೆಂದೇ ಇತ್ತಲ್ಲ. ಅಳಿಸಿದೆವು. ಹತ್ತು ಜಿಬಿ ಬಂತು. 101, 102 ಎರಡೂ ರೆಸ್ಯೂಮ್ ಆದವು. ಹೊಸ ಮನೆಲ್ಯಾಬ್ ಮಾಡುವವರಿಗೆ ನಾನೀಗ ಹೇಳುವುದು ಇದನ್ನೇ: ಕೆಲಸಕ್ಕೆ ಬಾರದ ಹತ್ತು ಜಿಬಿಯ ಡಮ್ಮಿ ವಿಎಂ ಒಂದು ಇರಲಿ, ಒಳಗೆ ಸುಮ್ನೆ ಏನಾದರೂ ತುಂಬಿಸಿಡಿ. ಬೆಂಕಿ ಬಿದ್ದಾಗ ಬಾವಿ ತೋಡುವುದು ತಪ್ಪುತ್ತದೆ.

ಆಮೇಲೆ ನಿಧಾನಕ್ಕೆ ಕೂತೆವು. 101ಕ್ಕೆ ಡಿಸ್ಕಾರ್ಡ್ ಟಿಕ್ ಹಾಕಿ, ಪೂರ್ತಿ ಆರಿಸಿ ಮತ್ತೆ ಶುರು ಮಾಡಿದೆವು. ಒಳಗಿನಿಂದ ರೀಬೂಟ್ ಕೊಟ್ಟರೆ ಆ ಬದಲಾವಣೆ ಹತ್ತುವುದಿಲ್ಲ. ಎಫ್‌ಎಸ್‌ಟ್ರಿಮ್ ಓಡಿಸಿದೆವು. ಪೂಲ್ ಶೇಕಡಾ 93ರಿಂದ 91ಕ್ಕೆ ಇಳಿಯಿತು, ಅಷ್ಟೇ. ಗೆಳೆಯ ನನ್ನ ಮುಖ ನೋಡಿದ. ಸ್ನ್ಯಾಪ್‌ಶಾಟ್ ಹಿಡಿದದ್ದನ್ನು ಬಿಟ್ಟಿರಲಿಲ್ಲ. ಎರಡನ್ನೂ ಅಳಿಸಿದ ಮೇಲೆ 64ಕ್ಕೆ ಬಂತು.

"ಸ್ನ್ಯಾಪ್‌ಶಾಟ್ ಅಳಿಸಿದರೆ ಬ್ಯಾಕಪ್ ಹೋಯಿತಲ್ಲ?" ಅಂದ ಕುಂದಾಪುರದವನು. ಬ್ಯಾಕಪ್ ಇರಲೇ ಇಲ್ಲ. ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕಿನಲ್ಲಿ, ಡಿಸ್ಕ್ ಸತ್ತರೆ ಎರಡೂ ಒಟ್ಟಿಗೆ ಹೋಗುತ್ತವೆ. ಯುಎಸ್‌ಬಿ ಹಾರ್ಡ್‌ಡಿಸ್ಕ್ ಹಾಕಿ ನಿಜವಾದ ಬ್ಯಾಕಪ್ ತೆಗೆದೆವು. ತೆಗೆದದ್ದು ಸರಿ ಇದೆಯೇ ಎಂದು ನೋಡಲು 100ನ್ನು 200 ಎಂಬ ನಂಬರಿಗೆ ಮರಳಿ ಕಟ್ಟಿದೆವು, ಎಬ್ಬಿಸುವ ಮೊದಲು ಅದರ ನೆಟ್‌ವರ್ಕ್ ಕಳಚಿ. ಇಲ್ಲದಿದ್ದರೆ ಒಂದೇ ವಿಳಾಸದ ಎರಡು ಯಂತ್ರ ಮನೆಯಲ್ಲಿ ಜಗಳಕ್ಕೆ ಬೀಳುತ್ತವೆ.

ಹೊರಡುವ ಮೊದಲು ಉಳಿದದ್ದು ಅಮ್ಮನ ವಿಷಯ. ಗುಡುಗಿದರೆ ಪ್ಲಗ್ ಎಳೆಯಬೇಡಿ ಎಂದು ಅವರಿಗೆ ಹೇಳುವಂತಿಲ್ಲ, ಹೇಳಲೂ ಬಾರದು. ಅದಕ್ಕೆ ಇಷ್ಟು ತೋರಿಸಿಕೊಟ್ಟೆ: "ಅಮ್ಮ, ಈ ಬಟನ್ ಒಮ್ಮೆ ಒತ್ತಿ ಬಿಡಿ. ಒತ್ತಿ ಹಿಡಿಯಬೇಡಿ. ದೀಪ ಆರಿದ ಮೇಲೆ ಪ್ಲಗ್ ಎಳೆಯಿರಿ." ಹಾಗೆ ಒತ್ತಿದರೆ ಪ್ರಾಕ್ಸ್‌ಮಾಕ್ಸ್ ಒಳಗಿನ ಎಲ್ಲರಿಗೂ ಊಟ ಮುಗಿಸಿ ಏಳಿ ಎಂದು ಹೇಳಿ, ಅವರು ಎದ್ದ ಮೇಲೆ ತಾನು ಮಲಗುತ್ತದೆ. "ಸಿಡಿಲು ಅಷ್ಟು ಹೊತ್ತು ಕಾಯುತ್ತದಾ?" ಎಂದು ಕೇಳಿದರು. ಅರ್ಧ ನಿಮಿಷ ಸಾಕು ಅಂದೆ.

ಮಂಗಳವಾರ ಗೆಳೆಯನ ಫೋನ್ ಬಂತು. ಹಿಂದಿನ ಸಂಜೆ ಗುಡುಗಿತ್ತು, ಅಮ್ಮ ಬಟನ್ ಒತ್ತಿದ್ದರು. ಅರ್ಧ ನಿಮಿಷದಲ್ಲಿ ಆಗಲಿಲ್ಲ. ಲಿನಕ್ಸ್ ಎರಡೂ ಬೇಗ ಎದ್ದು ಹೋಗಿದ್ದವು. ಲಾಗಿನ್ ಪರದೆಯಲ್ಲಿ ನಿಂತಿದ್ದ ವಿಂಡೋಸ್ ಮಾತು ಕೇಳಲಿಲ್ಲ. ಅದರೊಳಗೆ ಗೆಸ್ಟ್ ಏಜೆಂಟ್, ಅಂದರೆ ಹೊರಗಿನ ಮಾತನ್ನು ಒಳಗೆ ನಡೆಸಿಕೊಡುವ ಸಣ್ಣ ತಂತ್ರಾಂಶ, ಹಾಕಲು ನಾನು ಮರೆತಿದ್ದೆ. ಏಜೆಂಟ್ ಇಲ್ಲದೆ, ಏಳದೆ ಕೂತ ವಿಎಂಗೆ ಪ್ರಾಕ್ಸ್‌ಮಾಕ್ಸ್ 180 ಸೆಕೆಂಡ್ ಕಾದು ಆಮೇಲೆ ಬಲವಂತವಾಗಿ ಆರಿಸುತ್ತದೆ. ಆ ಮೂರು ನಿಮಿಷ ಅಮ್ಮ ಒಂದು ಕೈ ಪ್ಲಗ್ಗಿನ ಮೇಲಿಟ್ಟುಕೊಂಡು ದೀಪವನ್ನೇ ನೋಡುತ್ತಾ ನಿಂತಿದ್ದರಂತೆ.